ಕೌದಿ ಹೊತ್ತು ಬತೆಕರ ಅಡವಿಗೆ

ಬಯಾನ್ ಲೆಪಾಸ್

ರಂಜಾನ್ ತಿಂಗಳ ಒಂದು ಮಧ್ಯಾಹ್ನ. ಇಫ್ತಾರಿಗೆಂದು ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ನಾವಿರುವ ಪೆನಾಂಗಿನ ಈ ಬಯಾನ್ ಲೆಪಾಸ್‌ನಲ್ಲಿ ಆ ಸೊಪ್ಪು ಸಿಗುವುದೇ ಅಪರೂಪ, ಸಿಕ್ಕ ದಿನ ಎರಡು ಕಟ್ಟು ಹೆಚ್ಚಿಗೆ ತರುವುದು ನನ್ನ ರೂಢಿ. ಗದಗಿನಿಂದ ತಮ್ಮನ ಫೋನು ಬಂತು.

"ಅಕ್ಕಾ, ಅವ್ವ ಹೋದ್ಲು."

ಅಷ್ಟೇ ಹೇಳಿದ. ಆಸ್ಪತ್ರೆಯ ಮುಂದಿನ ರಸ್ತೆಯ ಗದ್ದಲ ಮಾತ್ರ ಕೇಳುತ್ತಿತ್ತು. ನಾನು "ಇನ್ನಾ ಲಿಲ್ಲಾಹಿ" ಎಂದು ಫೋನು ಪಕ್ಕಕ್ಕಿಟ್ಟು ಮತ್ತೆ ಸೊಪ್ಪು ಬಿಡಿಸತೊಡಗಿದೆ. ಎಲೆ ಮುಗಿದ ಮೇಲೆ ದಂಟನ್ನೂ ಚೂರು ಚೂರು ಮಾಡಿದೆ. ಯಜಮಾನರು ಒಳಕೋಣೆಯಿಂದ ಬಂದು ಕೈ ಹಿಡಿದಾಗಲೇ ನಿಂತಿದ್ದು. ಅವರಿಗೂ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು.

ಊರೂರೇ ಬಾಗಿಲು ಹಾಕಿಕೊಂಡ ರೋಗದ ಎರಡನೆಯ ವರ್ಷ ಅದು, ವಿಮಾನವಿಲ್ಲ. ಹೇಗೋ ಹೋದರೂ ತಿರುಗಿ ಬರುವ ದಾರಿಯಿಲ್ಲ. ಅವ್ವನ ಮುಖವನ್ನು ಫೋನಿನಲ್ಲಿಯೂ ತೋರಿಸಲಿಲ್ಲ, ಆಗಲೇ ಚೀಲ ಕಟ್ಟಿದ್ದರಂತೆ. ಆದರೂ ತಮ್ಮನಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿ ಮೂರು ಹಿಡಿ ಮಣ್ಣು ಹಾಕಲು ಬಿಟ್ಟರು. ಎಷ್ಟೋ ಮಕ್ಕಳಿಗೆ ಅಷ್ಟೂ ಸಿಗಲಿಲ್ಲ. ಅಲ್ಲಾಹನು ನಮಗೆ ಅಷ್ಟು ಕೊಟ್ಟ ಎಂದು ಎಣಿಸಿಕೊಂಡೆ. ಎಣಿಸಿದರೆ ದುಃಖ ಕಡಿಮೆಯಾಗುತ್ತದೆ ಎಂದಲ್ಲ, ಕೈಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

ಅವ್ವ ನಮ್ಮಲ್ಲಿಗೆ ಬಂದು ಮೂರು ತಿಂಗಳು ಇದ್ದು, ಎಲ್ಲ ಮುಚ್ಚುವ ಸ್ವಲ್ಪ ಮೊದಲು ಊರಿಗೆ ಹೋಗಿದ್ದಳು. ಹೋಗುವಾಗ ಮೂರು ಸೀರೆ ನನ್ನ ಕಪಾಟಿನಲ್ಲೇ ಬಿಟ್ಟಳು. "ಮತ್ತ ಬರೂದು ಐತಲ್ಲ, ಹೊತ್ತಗೊಂಡು ಯಾಕ ತಿರಗಲಿ?" ಎಂದಿದ್ದಳು. ಎರಡು ಇಳಕಲ್, ಒಂದು ದಿನ ಉಡುವ ನೂಲಿನ ಸೀರೆ.

ಅವಳು ಇದ್ದಾಗಲೇ ನಾವು ಒಂದು ಪ್ರವಾಸಕ್ಕೆ ನಾಲ್ಕು ಜನರ ಹೆಸರು ಕೊಟ್ಟಿದ್ದೆವು. ಪಹಾಂಗ್ ಎಂಬ ಸೀಮೆಯ ದಟ್ಟ ಕಾಡಿನಲ್ಲಿ ಬತೆಕ್ ಎಂಬ ಜನರಿದ್ದಾರೆ. ಒಂದು ಕಡೆ ನಿಲ್ಲುವವರಲ್ಲ. ಎಲೆಯ ಗುಡಿಸಲು ಕಟ್ಟಿ ನಾಲ್ಕು ದಿನವಿದ್ದು ಮುಂದಕ್ಕೆ ಹೋಗುವವರು. ಅವರೂ ನದಿದಂಡೆಯ ಊರಿನವರೂ ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡು, ಬಂದವರನ್ನು ತಮ್ಮ ಜೊತೆ ಎರಡು ರಾತ್ರಿ ಇಟ್ಟುಕೊಳ್ಳುತ್ತಾರೆ. ಇದನ್ನು ಕೇಳಿದ ಅವ್ವ ಕೆನ್ನೆಗೆ ಕೈಯಿಟ್ಟುಕೊಂಡಿದ್ದಳು. "ಮನಿ ಇಲ್ಲ, ಮಠ ಇಲ್ಲ, ಥಂಡ್ಯಾಗ ಹೆಂಗ ಮಲಗ್ತಾವ ಆ ಕೂಸು? ಬರಿಗೈಲೆ ಹೋಗೂದು ಬ್ಯಾಡ. ಹೊದಿಯಾಕ ಏನರ ಒಯ್ಯೂಣು."

ನಾವು ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಮನೆತನ, ಮನೆಮಾತು ಕನ್ನಡವೇ. ನಮ್ಮಲ್ಲಿ ಹೋದವರ ಬಟ್ಟೆಯನ್ನು ಇಟ್ಟುಕೊಳ್ಳುವುದಿಲ್ಲ, ಇಲ್ಲದವರಿಗೆ ಕೊಟ್ಟುಬಿಡುತ್ತೇವೆ. ಅವರ ಮೈ ಬೆಚ್ಚಗಾದರೆ ಅದರ ಸವಾಬು, ಅಂದರೆ ಪುಣ್ಯ, ಹೋದವರಿಗೆ ಮುಟ್ಟುತ್ತದೆ. ನಾನು ಅವ್ವನಿಗೆ ನೀರು ಹಾಕಲಿಲ್ಲ, ಕಫನ್ ಸುತ್ತಲಿಲ್ಲ. ಉಳಿದದ್ದು ಇದೊಂದೇ. ಮೂರೂ ಸೀರೆಯನ್ನು ಸೇರಿಸಿ ಕೌದಿ ಹೊಲಿದೆ. ಸಣ್ಣ ಹೊಲಿಗೆ, ಅವ್ವ ಕಲಿಸಿದ್ದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದು ಎಂದು ಸರಕಾರ ಹೇಳುವ ಹೊತ್ತಿಗೆ ಕೌದಿಯ ನಾಲ್ಕೂ ಮೂಲೆ ಮುಗಿದಿತ್ತು. ಎರಡು ವರ್ಷದ ಕೆಳಗೆ ನಿಂತುಹೋದ ಆ ಪ್ರವಾಸಕ್ಕೆ ನಮ್ಮನ್ನು ಮತ್ತೆ ಕರೆದರು. ಅದನ್ನೂ ಒಂದು ಕೃಪೆಯೆಂದೇ ತಿಳಿದೆ.

ದಾರಿ

ನಾವು ಮೂವರು. ನಾನು, ಯಜಮಾನರು, ಹದಿಮೂರರ ಮಗಳು ರೇಷ್ಮಾ. ಯಜಮಾನರು ಇಲ್ಲಿಯ ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ಕಾರ್ಖಾನೆಯ ಯಂತ್ರಗಳನ್ನೆಲ್ಲ ಬಲ್ಲ ಮನುಷ್ಯ ತಮ್ಮ ಫೋನಿಗೆ ಚಾರ್ಜು ಹಾಕಲು ಮರೆತಿದ್ದರು. ಆ ದಿನಗಳಲ್ಲಿ ಯಾವ ಅಂಗಡಿಯ ಒಳಗೆ ಕಾಲಿಡಬೇಕಾದರೂ ಫೋನಿನಲ್ಲಿ ಲಸಿಕೆಯ ಗುರುತು ತೋರಿಸಬೇಕು. ದಾರಿಯ ಮಾಮಕ್, ಅಂದರೆ ತಮಿಳು ಮುಸಲ್ಮಾನರ, ಹೋಟೆಲಿನವನು ನಮ್ಮನ್ನು ಬಾಗಿಲಲ್ಲೇ ತಡೆದ.

"ಫೋನ್ ಮಾತಿ? ತಪಾವ್ ಲಾ, ಅಣ್ಣಾಚ್ಚಿ!" ಎಂದು ನಕ್ಕ. ಫೋನು ಸತ್ತಿದ್ದರೆ ಕಟ್ಟಿಸಿಕೊಂಡು ಹೋಗಿ ಎಂದರ್ಥ, 'ಲಾ' ಎಂಬುದು ಇಲ್ಲಿಯವರ ಮಾತಿನ ಬಾಲ.

ಕಾರಿನ ಡಿಕ್ಕಿ ತೆರೆದು ಅದರ ಅಂಚಿಗೆ ಕೂತು ಪೊಟ್ಟಣದ ರೊಟಿ ಚನಾಯ್ ತಿಂದೆವು. ಅವ್ವ ಇದ್ದಾಗ ಅದಕ್ಕೆ "ಬಡದು ಹರದ ಪರೋಟಾ" ಎನ್ನುತ್ತಿದ್ದಳು. ಆದರೂ ಎರಡು ತಿನ್ನುತ್ತಿದ್ದಳು. ಹೇಳಬೇಕೆಂದು ಬಾಯಿಗೆ ಬಂತು, ಹೇಳಲಿಲ್ಲ. ನಮ್ಮ ಮನೆಯಲ್ಲಿ ಅವ್ವ ಹೋದ ಮೇಲಿನ ಆ ಎಂಟು ತಿಂಗಳಲ್ಲಿ ಅವಳ ಮಾತು ಬಂದಾಗಲೆಲ್ಲ ಒಬ್ಬರು ಎದ್ದು ನೀರು ಕುಡಿಯಲು ಹೋಗುತ್ತಿದ್ದರು.

"ಅಮ್ಮಿ, ಆ ಬ್ಯಾಗ್ ಹಿಂದೆ ಇಡು ಲಾ. ಇಟ್ಸ್ ಸೋ ಬಿಗ್," ಎಂದಳು ರೇಷ್ಮಾ. ಕೌದಿಯ ಚೀಲ ನನ್ನ ತೊಡೆಯ ಮೇಲಿತ್ತು.

"ಇರಲಿ ಬಿಡವಾ. ಏನ್ ಭಾರ ಇಲ್ಲ."

ನದಿ

ಮರುದಿನ ಬೆಳಿಗ್ಗೆ ಕಾಡಂಚಿನ ಹಳ್ಳಿಯಲ್ಲಿ ನಮಗಾಗಿ ಉದ್ದನೆಯ ಮರದ ದೋಣಿ ಕಾಯುತ್ತಿತ್ತು. ದೋಣಿಯವರು ಪಾಕ್ ಮಾನ್. ಪಾಕ್ ಎಂದರೆ ನಮ್ಮ ಚಾಚಾ ಇದ್ದ ಹಾಗೆ. ಅರವತ್ತು ದಾಟಿದ ಮಲಯ್ ಮನುಷ್ಯ, ಆ ಸಂಘದ ಕಾರಭಾರವೆಲ್ಲ ಅವರದೇ. ಮೂಗಿಗೆ ಕಡ್ಡಿ ಹಾಕಿ ನಮ್ಮ ಪರೀಕ್ಷೆ ಮಾಡಿಸಿದರು. ಬತೆಕರಿಗೆ ಹೊರಗಿನ ರೋಗ ಬೇಗ ತಗಲುತ್ತದಂತೆ. ರೋಗ ಬಂದ ಸುದ್ದಿ ಕೇಳಿದ್ದೇ ಅವರೆಲ್ಲ ಕಾಡಿನ ಒಳಕ್ಕೆ ಹೋಗಿಬಿಟ್ಟಿದ್ದರು, ಈಗ ಒಂದು ಗುಂಪು ಹೊರಕ್ಕೆ ಬಂದಿದೆ, ಎರಡು ವರ್ಷದಲ್ಲಿ ನೀವೇ ಮೊದಲ ಅತಿಥಿಗಳು ಎಂದು ಹೇಳಿದರು. "ಹತ್ತು ದಿನದ ಹಿಂದೆಯೇ ಹೋಗಿ ಹೇಳಿ ಬಂದಿದ್ದೇನೆ. ಅಲ್ಲಿ ಫೋನು ಸಿಗುವುದಿಲ್ಲ. ಆದರೆ ಹೇಳಿದ ಜಾಗದಲ್ಲೇ ಇರುತ್ತಾರೆ."

ತೇಲುವ ಅಂಗಿಗಳನ್ನು ಹಂಚಿದರು. ಮೂರು ಕೊಟ್ಟ ಮೇಲೂ ಒಂದು ಅವರ ಕೈಯಲ್ಲಿ ಉಳಿಯಿತು. ಚೀಟಿ ನೋಡಿದರು.

"ಎಂಪಾತ್? ನಾಲ್ಕು ಜನ ಅಲ್ಲವೇ?"

ನನಗೆ ಸಂತೆಗೆ ಸಾಕಾಗುವಷ್ಟು ಮಲಯ್ ಬರುತ್ತದೆ. ಸಾವಿನ ಸುದ್ದಿ ಹೇಳುವಷ್ಟು ಬರುವುದಿಲ್ಲ. ರೇಷ್ಮಾಳೇ ಮೆಲ್ಲಗೆ ಏನೋ ಹೇಳಿದಳು. ಪಾಕ್ ಮಾನ್ ತಲೆ ತಗ್ಗಿಸಿ ಎದೆ ಮುಟ್ಟಿಕೊಂಡು ದುವಾ ಮಾಡಿದರು, ಆ ನಾಲ್ಕನೆಯ ಅಂಗಿಯನ್ನು ನನ್ನ ಪಕ್ಕದ ಹಲಗೆಯ ಮೇಲಿಟ್ಟು ಇಂಜಿನ್ನಿನ ಹಗ್ಗ ಎಳೆದರು. ಎರಡು ತಾಸು ಅದು ನನ್ನ ಪಕ್ಕದಲ್ಲೇ ಕೂತು ಬಂತು.

ಮೊದಲ ದಿನ

ಸಣ್ಣ ತೊರೆಯೊಂದು ನದಿಗೆ ಕೂಡುವಲ್ಲಿ ದೋಣಿ ನಿಂತಿತು. ಇಳಿದರೆ ಎತ್ತರದ ಮರಗಳ ಕೆಳಗೆ ಆರು ಎಲೆಗುಡಿಸಲು. ಗುಡಿಸಲೆಂದರೆ ಒಂದು ಕಡೆ ಇಳಿಜಾರಾದ ಎಲೆಯ ತಡಿಕೆ, ಕೆಳಗೆ ಬಿದಿರಿನ ಹಾಸು, ಮುಂದೆ ಒಂದು ಒಲೆ. ಗೋಡೆಯಿಲ್ಲ. ನಮ್ಮ ಕಡೆ ಹೊಲದಲ್ಲಿ ಕುರಿ ತರುಬುವ ಕುರುಬರು ಕಂಬಳಿ ಕಟ್ಟಿ ನೆರಳು ಮಾಡಿಕೊಳ್ಳುತ್ತಾರಲ್ಲ, ಅಷ್ಟೇ. ಕುರುಬರಾದರೂ ಕುರಿಗಾಗಿ ತಿರುಗುತ್ತಾರೆ. ಇವರು ಗೆಣಸು ಎಲ್ಲಿದೆಯೋ, ಬೆತ್ತ ಎಲ್ಲಿದೆಯೋ ಅಲ್ಲಿಗೆ.

ನಮ್ಮನ್ನು ನೋಡಿಕೊಳ್ಳುವ ಹೆಂಗಸಿನ ಹೆಸರು ಸೆಮೆಕ್. ನನ್ನದೇ ವಯಸ್ಸು, ಗುಂಗುರು ಕೂದಲಿಗೆ ಗೀರು ಚಿತ್ತಾರದ ಬಿದಿರಿನ ಬಾಚಣಿಗೆ ಸಿಕ್ಕಿಸಿಕೊಂಡಿದ್ದಳು. ಮಲಯ್ ಚೆನ್ನಾಗಿ ಆಡುತ್ತಿದ್ದಳು. ನನ್ನನ್ನು "ಕಾಕ್" ಎಂದು ಕರೆದಳು, ಅಕ್ಕ ಎಂದು. ಪಾಕ್ ಮಾನ್ ನಮ್ಮನ್ನು ಒಪ್ಪಿಸಿ, ಮೂರನೆಯ ದಿನ ಬರುತ್ತೇನೆಂದು ಹೇಳಿ ದೋಣಿ ತಿರುಗಿಸಿದರು.

ಪ್ರವಾಸಿಗರಿಗೆ ತೋರಿಸುವುದೆಲ್ಲ ತೋರಿಸಿದರು. ಸೆಮೆಕ್‌ಳ ಗಂಡ ಮರದ ತುಂಡಿಗೆ ಬೆತ್ತದ ಸೀಳು ಉಜ್ಜಿ ಬೆಂಕಿ ಮಾಡಲು ಕೂತ. ಹೊಗೆ ಬಂತು, ಕಿಡಿ ಬರಲಿಲ್ಲ, ಕಟ್ಟಿಗೆ ಹಸಿ. ಕೊನೆಗೆ ಅಂಗಿಯ ಜೇಬಿನಿಂದ ಲೈಟರ್ ತೆಗೆದ. ಎಲ್ಲರೂ ನಕ್ಕೆವು, ಅವನೂ ನಕ್ಕ. ಯಜಮಾನರು ಊದುಕೊಳವೆ ಹಿಡಿದು ಎದೆಯ ಉಸಿರೆಲ್ಲ ಊದಿದರು. ಬಾಣ ಅವರ ಬೂಟಿನ ಮೇಲೆಯೇ ಬಿತ್ತು.

"ಭಾಳ ದೂರ ಹೋತು," ಎಂದೆ.

"ಸುಮ್ನಿರ ನೀ. ಒಲಿ ಊದಿದಂಗಲ್ಲ ಇದು."

ಆಮೇಲೆ ಒಂದು ಜಿಗಣೆ ಅವರ ಕಾಲುಚೀಲದ ಮೇಲೆ ಎದ್ದು ನಿಂತು ಆಚೆ ಈಚೆ ಓಲಾಡತೊಡಗಿತು. ರೇಷ್ಮಾ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಳು. ಸೆಮೆಕ್ ಓಡಿಬಂದು ಅವಳ ಬಾಯಿಗೆ ಕೈ ಅಡ್ಡ ಮಾಡಿದಳು. ಪ್ರಾಣಿಯನ್ನು ನೋಡಿ ನಗಬಾರದು, ನಕ್ಕರೆ ಗುಡುಗಿಗೆ ಸಿಟ್ಟು ಬರುತ್ತದೆ. ಮಗಳು ಪೆಚ್ಚಾದಳು. ನನಗೆ ಮಾತ್ರ ಇದು ಹೊಸದೆನಿಸಲಿಲ್ಲ. ಕತ್ತೆ ಒದರುವುದಕ್ಕೆ ನಕ್ಕರೆ ಅವ್ವ ನಮ್ಮ ತಲೆಗೊಂದು ಕೊಡುತ್ತಿದ್ದಳು. ಅದನ್ನು ಹಾಗೆ ಒದರಿಸಿದವನು ಮೇಲಿದ್ದಾನೆ, ನಗುವುದಾದರೆ ಅವನ ಮುಂದೆ ನಗು ಎನ್ನುತ್ತಿದ್ದಳು.

ಮಧ್ಯಾಹ್ನ ನಾನು ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಸೆಮೆಕ್ ಒಂದು ಚೂರು ಮುರಿದು ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದಳು.

"ಕಾಕ್, ಇದು ಯಾವ ಮರದ ತೊಗಟೆ?"

ಚಟ್ನಿ ಮಾತ್ರ ಬೆರಳು ನೆಕ್ಕಿ ತಿಂದಳು. ನಾನು ನಮಾಜಿಗೆ ನಿಂತಾಗ ಮಕ್ಕಳನ್ನೆಲ್ಲ ಸುಮ್ಮನಿರಿಸಿ, ಒಬ್ಬರೂ ಮುಂದೆ ಹಾಯದ ಹಾಗೆ ತಾನೇ ಅಡ್ಡ ಕೂತಳು. ಎಷ್ಟು ಚಂದದ ಮಂದಿ ಎಂದುಕೊಂಡೆ.

ಆದರೆ ಒಂದು ಮಾತು ನನ್ನ ಮನಸ್ಸಿಗೆ ಚುಚ್ಚುತ್ತಿತ್ತು. ಅವರು ಯಾರೂ ನೆಮ್ಮದಿಯಾಗಿ ಕೂರುತ್ತಿರಲಿಲ್ಲ. ಕೂತರೂ ತೊರೆಯ ಕಡೆಗೆ ಕೂರುವರು. ಒಂದು ತುದಿಯ ಗುಡಿಸಲಿನ ಎಲೆ ಕುಸಿದಿತ್ತು, ಅದರ ಒಲೆ ತಣ್ಣಗಿತ್ತು. ಒಬ್ಬರೂ ಅದರ ಹತ್ತಿರ ಹೋಗಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಹೆಂಗಸರು ಒಬ್ಬೊಬ್ಬರಾಗಿ ಕೂಸು ಎತ್ತಿಕೊಂಡರು, ಪಾತ್ರೆ ಎತ್ತಿಕೊಂಡರು, ತೊರೆ ದಾಟಿ ಆಚೆಗೆ ಹೋದರು. ಸೆಮೆಕ್ ಕೂಡ ನಮಗೆ ಅನ್ನ ಮಾಡಿಟ್ಟು ಹೋದಳು. ಅವಳ ಗಂಡ ಒಬ್ಬ ಉಳಿದ, ನಮ್ಮ ಬೆಂಕಿಯ ಹತ್ತಿರ, ಆ ಕುಸಿದ ಗುಡಿಸಲಿಗೆ ಬೆನ್ನು ಹಾಕಿ.

ಎರಡು ರಾತ್ರಿ ಬತೆಕರ ಪಕ್ಕದಲ್ಲಿ ಮಲಗುವುದೇ ಈ ಪ್ರವಾಸದ ಮುಖ್ಯ ಮಾತಾಗಿತ್ತು.

"ನಮ್ಮನ್ನ ನೋಡಿ ಹೇಸಾಕತ್ತಾರೇನ್ರೀ?" ಎಂದೆ.

"ರೋಗದ ಅಂಜಿಕಿ ಇರಬೇಕು. ಕಡ್ಡಿ ಹಾಕಿ ನೋಡಿದ್ರೂ ಅವರಿಗೆ ನಂಬಿಕಿ ಹೆಂಗ ಬರತೈತಿ?" ಎಂದರು ಯಜಮಾನರು.

ಇರಬಹುದು. ನಾವೂ ಆ ವರ್ಷಗಳಲ್ಲಿ ಪಕ್ಕದ ಮನೆಯವರ ತಟ್ಟೆಯನ್ನು ಬಾಗಿಲಾಚೆಯೇ ಇಡಿಸಿಕೊಂಡವರಲ್ಲವೇ? ಆದರೂ ಅನ್ನದ ತಟ್ಟೆ ಪಕ್ಕಕ್ಕಿಟ್ಟು ಕೌದಿಯ ಚೀಲ ಹತ್ತಿರ ಎಳೆದುಕೊಂಡೆ. ನಾಳೆ ಬೆಳಿಗ್ಗೆಯೇ ಕೌದಿ ಕೊಡಬೇಕು, ಕೊಟ್ಟರೆ ನಮ್ಮ ಮನಸ್ಸು ಅವರಿಗೆ ಗೊತ್ತಾಗುತ್ತದೆ ಎಂದು ನಿಶ್ಚಯಿಸಿಕೊಂಡೆ.

ಎರಡನೆಯ ಬೆಳಗು

ಬಿಸಿಲು ಮರದ ಸಂದಿನಿಂದ ಇಳಿಯುವ ಹೊತ್ತಿಗೆ ಅವರೆಲ್ಲ ತೊರೆ ದಾಟಿ ಮರಳಿದರು. ಸೆಮೆಕ್ ಚಹಾಕ್ಕೆ ನೀರಿಟ್ಟಳು. ನಾನು ಚೀಲ ಬಿಚ್ಚಿ ಕೌದಿ ಹೊರತೆಗೆದು ಅವಳ ತೊಡೆಯ ಮೇಲೆ ಹರಡಿದೆ.

ಅವಳ ಮುಖ ಅರಳಿತು. ಬೆರಳು ತುದಿಯಿಂದ ಹೊಲಿಗೆಯ ಸಾಲನ್ನು ಹಿಡಿದು ಮೂಲೆಯಿಂದ ಮೂಲೆಗೆ ಹೋದಳು. ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಬಂದಲ್ಲಿ ನಿಂತಳು. ಉಳಿದ ಹೆಂಗಸರೂ ಬಂದು ಸುತ್ತ ಕೂತರು. ಒಬ್ಬಳು ಅದರ ಅಂಚು ಎತ್ತಿ ತನ್ನ ಕೂಸಿನ ಮೇಲೆ ಹಾಕಿ ನೋಡಿದಳು. ಅವ್ವಾ, ನೋಡು, ಮುಟ್ಟಿತು ಎಂದುಕೊಂಡೆ.

"ನೀನೇ ಹೊಲಿದೆಯಾ, ಕಾಕ್?"

"ನಾನೇ. ನನ್ನ ತಾಯಿಯ ಸೀರೆಗಳು. ಅವಳು ತೀರಿಕೊಂಡಳು. ಅವಳ ಹೆಸರಿನಲ್ಲಿ ನಿನಗೆ ಕೊಡುತ್ತಿದ್ದೇನೆ." ಇದನ್ನು ಮಲಯ್ ಭಾಷೆಯಲ್ಲಿ ತಪ್ಪಿಲ್ಲದೆ ಹೇಳಬೇಕೆಂದು ಮಗಳಿಂದ ಕಲಿತು ಬಾಯಿಪಾಠ ಮಾಡಿಕೊಂಡಿದ್ದೆ.

ಸೆಮೆಕ್‌ಳ ಕೈ ಗಾಳಿಯಲ್ಲಿ ನಿಂತಿತು. ಆ ಇನ್ನೊಬ್ಬಳು ಕೂಸನ್ನು ಕಸಿದು ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಯಾರೂ ಬೈಯಲಿಲ್ಲ. ಸೆಮೆಕ್ ಕೌದಿಯನ್ನು ಎರಡೂ ಕೈಯಿಂದ ನಿಧಾನ ಎತ್ತಿ, ಬಿಸಿ ಪಾತ್ರೆ ಇಳಿಸುವವರ ಹಾಗೆ, ನನ್ನ ಮುಂದೆ ಇಟ್ಟಳು. ಎದ್ದು ನಿಂತು ತನ್ನ ಮಾತಿನಲ್ಲಿ ಗಂಡನಿಗೆ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ಕಾಕ್, ಸತ್ತವರದನ್ನು ಇಲ್ಲಿಗೂ ಯಾಕೆ ತಂದೆ? ಇಲ್ಲಿ ಆಗಲೇ ಒಬ್ಬಳಿದ್ದಾಳೆ."

ರೇಷ್ಮಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತಿಳಿಯದ್ದನ್ನೆಲ್ಲ ಅವಳಿಂದ ಕೇಳಿಸಿ ತಿಳಿದುಕೊಂಡದ್ದು ಇಷ್ಟು.

ಆರು ದಿನದ ಹಿಂದೆ ಆ ತುದಿಯ ಗುಡಿಸಲಿನಲ್ಲಿ ಸೆಮೆಕ್‌ಳ ತಾಯಿ ತೀರಿಕೊಂಡಿದ್ದಳು. ಅವರಲ್ಲಿ ಸತ್ತವರನ್ನು ಕಾಡಿನೊಳಗೆ ಎತ್ತರದ ಮರದ ಮೇಲೆ ಎಲೆಯ ಸೂರು ಮಾಡಿ ಮಲಗಿಸುತ್ತಾರೆ. ಮಲಗಿಸಿ ಬಂದ ಮೇಲೆ ಆ ಜಾಗದಲ್ಲಿ ನಿಲ್ಲುವುದಿಲ್ಲ. ಗುಂಪಿಗೆ ಗುಂಪೇ ಎದ್ದು ಹೊರಡುತ್ತದೆ. ಅವರದೆನ್ನುವ ಬಟ್ಟೆ, ಬುಟ್ಟಿ ಯಾವುದನ್ನೂ ಒಯ್ಯುವುದಿಲ್ಲ. ಹೆಸರು ಕೂಡ ಅಲ್ಲೇ ಬಿಡುತ್ತಾರೆ, ಮತ್ತೆ ಕರೆಯುವುದಿಲ್ಲ. ಒಯ್ದರೆ, ಕರೆದರೆ, ಹೋದವರು ಮುಂದೆ ಹೋಗಲಾರದೆ ಹಿಂದೆಯೇ ಬರುತ್ತಾರೆ ಎಂದು ಅವರ ನಂಬಿಕೆ.

"ಹಾಗಾದರೆ ಯಾಕೆ ಹೋಗಲಿಲ್ಲ?" ಎಂದು ಕೇಳಿಸಿದೆ.

"ನೀವು ಬರುತ್ತೀರೆಂದು ಪಾಕ್ ಮಾನ್ ಹೇಳಿ ಹೋಗಿದ್ದ. ಇಲ್ಲೇ ಇರುತ್ತೇವೆ ಎಂದಿದ್ದೆವು. ನಿಮಗೆ ಗೊತ್ತಿಲ್ಲ. ಬಂದು ಈ ಜಾಗದಲ್ಲಿ ನೀವಷ್ಟೇ ಕೂತಿರುತ್ತಿದ್ದಿರಿ, ಮಗುವನ್ನು ಕಟ್ಟಿಕೊಂಡು, ಆ ಹೋದವಳ ಜೊತೆ. ಹಾಗೆ ಬಿಟ್ಟು ಹೋಗುವುದು ಹೇಗೆ?" ಎಂದಳು ಸೆಮೆಕ್. "ನೀವು ಮೊದಲು ಬಂದವರು. ಯಾರೂ ಇಲ್ಲವೆಂದು ತಿರುಗಿ ಹೋದರೆ ಮತ್ತೆ ಯಾರು ಬರುತ್ತಾರೆ?"

ಹಗಲು ನಮಗಾಗಿ ಇಲ್ಲಿ, ಸಂಜೆ ತೊರೆಯ ಆಚೆ. ಆರು ದಿನದಿಂದ ಹೀಗೆ. ನಾನು ಹೇಸುತ್ತಾರೆ ಎಂದುಕೊಂಡದ್ದು ಇದನ್ನು.

ಯಜಮಾನರು ತಲೆ ಕೆಳಗೆ ಹಾಕಿ ಕೂತರು. ನಾನು ಕೌದಿಯನ್ನು ಮಡಿಚಲು ಹೋದರೆ ಮೂಲೆಗೆ ಮೂಲೆ ಕೂಡಲಿಲ್ಲ. ಸೆಮೆಕ್ ದೂರದಿಂದಲೇ ನೋಡುತ್ತಿದ್ದಳು.

"ನಿನ್ನ ತಾಯಿ ಎಲ್ಲಿ ಹೋದಳು, ಕಾಕ್?"

"ನಮ್ಮ ದೇಶದಲ್ಲಿ. ನಾನು ಇರಲಿಲ್ಲ. ಹೋಗಲು ಬಿಡಲಿಲ್ಲ."

"ನೀನು ಎಲ್ಲಿದ್ದೆ?"

"ನನ್ನ ಅಡುಗೆಮನೆಯಲ್ಲಿ."

"ಈಗ?"

"ಈಗಲೂ ಅಲ್ಲೇ."

"ಅದೇ ಒಲೆಯ ಮುಂದೆಯೇ? ಒಂದು ಸಲವೂ ಎದ್ದು ಹೋಗಲಿಲ್ಲವೇ?"

ಇಲ್ಲವೆಂದು ತಲೆ ಆಡಿಸಿದೆ. ಸೆಮೆಕ್ ಬಾಯಿ ಚಪ್ಪರಿಸಿ ಉಳಿದ ಹೆಂಗಸರಿಗೆ ಅದನ್ನು ಹೇಳಿದಳು. ಎಲ್ಲರೂ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿದ್ದದ್ದು ಕನಿಕರ. ಮನೆಯಿಲ್ಲ, ಮಠವಿಲ್ಲ ಎಂದು ನಾವು ಯಾರಿಗಾಗಿ ಕೆನ್ನೆಗೆ ಕೈಯಿಟ್ಟುಕೊಂಡಿದ್ದೆವೋ ಅವರು ಗಟ್ಟಿ ಮನೆಯ ಹೆಂಗಸನ್ನು ಅಯ್ಯೋ ಪಾಪ ಎಂದು ನೋಡಿದರು.

ನಮ್ಮ ಶರೀಯತ್ತಿನಲ್ಲಿ ತಂದೆ ತಾಯಿಗೆ ಮೂರು ದಿನಕ್ಕಿಂತ ಹೆಚ್ಚು ದುಃಖಕ್ಕೆ ಕೂರಬಾರದು ಎಂದಿದೆ. ನಾನು ಎಂಟು ತಿಂಗಳು ಕೂತಿದ್ದೆ. ಇವರು ಅದೇ ದಿನ ಏಳಬೇಕಾದವರು, ನಮ್ಮಿಂದ ಆರು ದಿನ ಕೂತಿದ್ದರು.

"ಏನ್ರೀ," ಎಂದೆ ಯಜಮಾನರಿಗೆ, "ನಾವು ಹೊಂಟಬಿಡೂಣು. ನಾವು ಹೋದ್ರ ಅವರೂ ಏಳ್ತಾರ."

"ದೋಣಿ ನಾಳೆ ಬರೂದು."

"ನಡಕೋತ ಹೋಗೂಣು."

"ರೇಷ್ಮಾ ನಡೀತಾಳೇನು?"

"ಐ ಕೆನ್ ವಾಕ್, ಅಬ್ಬಾ," ಎಂದಳು ಮಗಳು. ಅವಳಾಗಲೇ ಬೂಟಿನ ದಾರ ಬಿಗಿಯುತ್ತಿದ್ದಳು.

ಮಗಳ ಕೈಲಿ ಕೇಳಿಸಿದೆ. ನದಿಯ ಗುಂಟ ಕೆಳಕ್ಕೆ ಮೂರು ತಾಸು ನಡೆದರೆ ಫೋನು ಸಿಗುವ ಒಂದು ದಿಬ್ಬವಿದೆ, ಅಲ್ಲಿಗೆ ಪಾಕ್ ಮಾನ್‌ನನ್ನು ಕರೆಸಬಹುದು, ತಾವೂ ಅದೇ ಕಡೆ ಹೋಗುವವರು ಎಂದಳು ಸೆಮೆಕ್. ನಾನು ಪ್ರಾರ್ಥನೆಗೆ ನಿಲ್ಲುವಾಗ ನಿಲ್ಲುವಷ್ಟು ನೆಟ್ಟಗೆ ಅವಳ ಮುಂದೆ ನಿಂತೆ. "ನಾವು ಬಂದೆವು, ನೀವು ಇದ್ದಿರಿ. ಕೊಟ್ಟ ಮಾತು ಮುಗಿಯಿತು. ಪಾಕ್ ಮಾನ್‌ಗೆ ನಾನೇ ಹೇಳುತ್ತೇನೆ. ಬಂದವರನ್ನು ನೀವು ಹೇಗೆ ನೋಡಿಕೊಂಡಿರಿ ಎಂದು ಬೇರೆಯವರಿಗೂ ಹೇಳುತ್ತೇನೆ. ಈಗ ಏಳು, ತಂಗಿ." ಕೊನೆಯ ಮಾತನ್ನು ಕನ್ನಡದಲ್ಲೇ ಅಂದುಬಿಟ್ಟೆ. ಮಗಳು ಅದನ್ನು ತರ್ಜುಮೆ ಮಾಡುವ ಮೊದಲೇ ಸೆಮೆಕ್ ಒಲೆಯ ಕೊಳ್ಳಿಗಳನ್ನು ಎಳೆಯತೊಡಗಿದ್ದಳು.

ನಡಿಗೆ

ನಮ್ಮ ಪ್ರವಾಸದ ಚೀಟಿಯಲ್ಲಿ ಒಂದು ಸಾಲಿತ್ತು: ಬೀಡು ಬದಲಿಸುವುದನ್ನು ಅರ್ಧ ತಾಸು ಮಾಡಿ ತೋರಿಸುತ್ತಾರೆ. ಆ ದಿನ ಅವರು ಮಾಡಿದ್ದು ತೋರಿಸುವುದಕ್ಕಲ್ಲ. ನಾನು ಒಂದು ಮನೆ ಬದಲಿಸಲು ಹದಿನೈದು ದಿನ ಡಬ್ಬಿ ಕಟ್ಟಿದವಳು. ಅವರು ನಾವು ಚಹಾ ಕುಡಿದು ಮುಗಿಸುವುದರೊಳಗೆ ಊರನ್ನೇ ಬೆನ್ನಿಗೇರಿಸಿದ್ದರು. ಬುಟ್ಟಿಯಲ್ಲಿ ಪಾತ್ರೆ, ಪಾತ್ರೆಯಲ್ಲಿ ಅಕ್ಕಿ, ಸೊಂಟದಲ್ಲಿ ಕೂಸು. ಬಿದಿರ ಹಾಸು, ಎಲೆಯ ತಡಿಕೆ ಎಲ್ಲ ಅಲ್ಲೇ. ಆ ತುದಿಯ ಗುಡಿಸಲಿನ ಮುಂದೆ ಒಂದು ಒಳ್ಳೆಯ ಬುಟ್ಟಿ ಇತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಕೌದಿಯನ್ನು ಏನು ಮಾಡಲಿ ಎಂದು ಸೆಮೆಕ್‌ಳನ್ನೇ ಕೇಳಿದೆ.

"ಬಿಟ್ಟು ಬಾ. ಇಲ್ಲಿ ಮರದ ಮೇಲೆ ಇಡಿಸುತ್ತೇನೆ."

ಅವಳು ನನ್ನ ಒಳ್ಳೆಯದಕ್ಕೇ ಅಂದಳು. ಆದರೆ ನನ್ನ ದೀನಿನಲ್ಲಿ, ನನ್ನ ಧರ್ಮದಲ್ಲಿ, ಅದಿಲ್ಲ. ಅವ್ವ ಮಣ್ಣಿನಲ್ಲಿದ್ದಾಳೆ, ಅವಳ ಲೆಕ್ಕ ಅಲ್ಲಾಹನ ಹತ್ತಿರ. ಬಟ್ಟೆಯನ್ನು ಮರಕ್ಕೆ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಆಗುವುದಿಲ್ಲ ಎಂದೆ. ಅವಳು ಸಿಟ್ಟಾಗಲಿಲ್ಲ.

"ಹಾಗಾದರೆ ಹೊತ್ತುಕೋ. ಎಲ್ಲರಿಗಿಂತ ಹಿಂದೆ ಬಾ. ನಿನ್ನ ಹಿಂದೆ ಯಾರೂ ಇರಬಾರದು."

ಹಾಗೆ ಸಾಲು ಹೊರಟಿತು. ಮುಂದೆ ಗಂಡಸರು, ಆಮೇಲೆ ಮಕ್ಕಳು, ಸೆಮೆಕ್, ಮಗಳು, ಯಜಮಾನರು. ಕೊನೆಗೆ, ಹತ್ತು ಹೆಜ್ಜೆ ಬಿಟ್ಟು, ನಾನು. ಯಜಮಾನರು ಎರಡು ಸಲ ನಿಂತು "ತಾ ಇಲ್ಲಿ, ನಾ ಹೊರತೀನಿ," ಎಂದರು. ಬೇಡ ಎಂದೆ. ಓಢಣಿಯಿಂದ ಕೌದಿಯನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಿದ್ದೆ.

ಬೇರು, ಕೆಸರು, ಬಿದ್ದ ಮರ. ಜಿಗಣೆ ಎಷ್ಟು ಹತ್ತಿದವೋ ನೋಡಲಿಲ್ಲ. ಒಂದು ತಾಸು ಕಳೆದ ಮೇಲೆ ನನಗೆ ಹೊಳೆಯಿತು.

ನಮ್ಮಲ್ಲಿ ಜನಾಜದ, ಅಂದರೆ ಶವ ಹೊತ್ತವರ, ಹಿಂದೆ ಹೆಂಗಸರು ಹೋಗುವುದಿಲ್ಲ. ನನ್ನ ಅಬ್ಬಾ ತೀರಿಕೊಂಡಾಗಲೂ ನಾನು ಹೊಸ್ತಿಲವರೆಗೆ ಹೋಗಿ ನಿಂತಿದ್ದೆ, ಓಣಿಯ ತಿರುವಿನಲ್ಲಿ ಹೆಗಲುಗಳು ಮರೆಯಾಗುವುದನ್ನು ನೋಡಿದ್ದೆ. ಅವ್ವನಿಗೆ ಓಣಿಯೂ ಇಲ್ಲ, ಹೆಗಲೂ ಇಲ್ಲ, ಆಸ್ಪತ್ರೆಯ ಗಾಡಿಯಲ್ಲಿ ಹೋದಳು. ಹಿಂದೆ ನಡೆದವರು ಒಬ್ಬರೂ ಇರಲಿಲ್ಲ. ಈಗ ಗುರುತಿಲ್ಲದ ಅಡವಿಯಲ್ಲಿ, ತಾಯಿ ಸತ್ತ ಇನ್ನೊಬ್ಬ ಹೆಂಗಸಿನ ಜೊತೆ, ಒಂದು ಊರಿಗೆ ಊರೇ ಮಾತಾಡದೆ ನಡೆಯುತ್ತಿತ್ತು. ನಾನು ಅವ್ವನನ್ನು ಬೆನ್ನಿಗೆ ಕಟ್ಟಿಕೊಂಡು ಅದರ ಕೊನೆಯಲ್ಲಿದ್ದೆ.

ಬಾಯಿಯಲ್ಲಿ ಕಲಿಮಾ ತಾನಾಗಿ ಬಂತು. ಹೆಜ್ಜೆಗೊಂದು ಹೇಳಿದೆ. ಆ ಎಂಟು ತಿಂಗಳು ನಮಾಜಿನ ಚಾಪೆಯ ಮೇಲೆ ಕೂತಾಗಲೂ ಬಾರದ ಅಳು ಬಂತು. ಸದ್ದು ಮಾಡಿ ಅತ್ತೆ. ಮುಂದಿನವರಿಗೆ ಕೇಳಿಸಿರಬೇಕು. ಒಬ್ಬರೂ ತಿರುಗಿ ನೋಡಲಿಲ್ಲ, ಒಬ್ಬರೂ ನಿಲ್ಲಲಿಲ್ಲ. ಸಾಲಿನ ನಡಿಗೆ ಮಾತ್ರ ಸ್ವಲ್ಪ ನಿಧಾನವಾಯಿತು.

ದಿಬ್ಬ ಬಂತು. ಯಜಮಾನರು ನನ್ನ ಫೋನು ಎತ್ತಿ ಹಿಡಿದು ಪಾಕ್ ಮಾನ್‌ಗೆ ಹೇಳಿದರು. "ನನಗೆ ಹೇಳಿ ಕಳಿಸಬಾರದಿತ್ತೇ ಅವರು! ಇನ್ನು ಮೇಲೆ ಇಂಥ ಜಾಗದಲ್ಲೇ ಇರಿ ಎಂದು ಹೇಳುವುದಿಲ್ಲ, ಅವರಿದ್ದಲ್ಲಿಗೆ ಅತಿಥಿಗಳನ್ನು ಹುಡುಕಿಕೊಂಡು ಕರೆದೊಯ್ಯುತ್ತೇನೆ," ಎಂದರಂತೆ. ಹಾಗೆ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಬತೆಕರು ದಿಬ್ಬದ ಬಲಕ್ಕೆ ತಿರುಗಿದರು. ಸೆಮೆಕ್ ಮಾತ್ರ ನಿಂತಳು. ನನ್ನ ಹತ್ತಿರ ಬರಲಿಲ್ಲ, ಬೆನ್ನಿನಲ್ಲಿ ಕೌದಿ ಇತ್ತಲ್ಲ. ದೂರದಿಂದಲೇ ಕೇಳಿದಳು, "ಕಾಕ್, ಕಾಲು ನೋಯುತ್ತಿದೆಯಾ?"

"ನೋಯುತ್ತಿದೆ."

"ಹಾಂ," ಎಂದಳು, ಸರಿಯಾಯಿತು ಎನ್ನುವ ಹಾಗೆ. ಗಿಡಗಳ ನಡುವೆ ನುಗ್ಗಿ ಹೋದಳು. ಸ್ವಲ್ಪ ಹೊತ್ತಿನಲ್ಲೇ ಆ ಕಡೆಯಿಂದ ಮಕ್ಕಳ ಗಲಾಟೆ, ಯಾರದೋ ನಗು ಕೇಳಿಸಿತು. ಆರು ದಿನದಲ್ಲಿ ಅವರು ದೊಡ್ಡದಾಗಿ ಮಾತಾಡಿದ್ದು ಅದೇ ಮೊದಲಿರಬೇಕು.

ಮನೆ

ಸೀರೆಯ ಸವಾಬು ಅವ್ವನಿಗೆ ಮುಟ್ಟಲಿಲ್ಲ. ಅದನ್ನು ಸುಳ್ಳು ಹೇಳಲಾರೆ. ಕೌದಿ ಹೋದ ಹಾಗೆಯೇ ತಿರುಗಿ ಬಂತು, ಕೆಸರು ಮೆತ್ತಿಕೊಂಡು. ಇನ್ನೊಬ್ಬರಿಗೆ ಕೊಡಬಹುದು, ಇಲ್ಲೇ ಪೆನಾಂಗಿನಲ್ಲಿ ಒಂದು ಅನಾಥ ಮಕ್ಕಳ ಮನೆಯಿದೆ ಎಂದು ಯಜಮಾನರು ಹೇಳಿದರು. ಕೊಡುತ್ತೇನೆ. ಯಾರ ಸೀರೆ ಎಂದು ಮೊದಲೇ ಹೇಳಿ, ಬೇಕೇ ಎಂದು ಕೇಳಿ ಕೊಡುತ್ತೇನೆ.

ಅವ್ವ ಅಂದದ್ದು ಅವರನ್ನು ಬೆಚ್ಚಗಿಡಬೇಕು ಎಂದು. ನನ್ನ ಕೈಯಿಂದ ಆದದ್ದು ಅವರನ್ನು ಹೋಗಲು ಬಿಟ್ಟದ್ದು, ಅಷ್ಟೇ. ಅದನ್ನು ಸದ್ಕಾ ಎಂದು, ದಾನವೆಂದು, ಬರೆದುಕೊಳ್ಳುವವನಿದ್ದರೆ ಅವನೇ ಬರೆದುಕೊಳ್ಳಲಿ.

ದಾರಿಯುದ್ದಕ್ಕೂ ಕಾರಿನಲ್ಲಿ ಅವ್ವನ ಮಾತೇ. ಅವಳು ಲಿಫ್ಟಿನಲ್ಲಿ ಕಲಿಮಾ ಹೇಳುತ್ತಿದ್ದುದು, ಚೀನಿಯರ ಅಂಗಡಿಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದದ್ದು. ಯಾರೂ ನೀರು ಕುಡಿಯಲು ಏಳಲಿಲ್ಲ. ಓಡುವ ಕಾರಿನಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ?

ಬಾಗಿಲು ತೆರೆದು ಒಳಗೆ ಬಂದಾಗ ರೇಷ್ಮಾ ತನ್ನ ಕೋಣೆಯಿಂದ ಕೂಗಿದಳು. "ಅಮ್ಮಿ! ಸೋಮವಾರ ಸ್ಕೂಲ್ ಓಪನ್. ಯೂನಿಫಾರ್ಮ್ ಟೂ ಶಾರ್ಟ್ ಲಾ! ಲುಕ್!"

ಬಾಗಿಲಲ್ಲಿ ನಿಂತು ನೋಡಿದೆ. ಎರಡು ವರ್ಷದ ಕೆಳಗೆ ಹಿಮ್ಮಡಿ ಮುಚ್ಚುತ್ತಿದ್ದ ನೀಲಿ ಲಂಗ ಈಗ ಮೀನಖಂಡದ ಮೇಲೆ ನಿಂತಿತ್ತು. ಪುಣ್ಯಕ್ಕೆ ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಮಡಿಚಿ ಹೊಲಿದಿದ್ದರು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಬ್ಲೇಡಿನ ಮೂಲೆಯಿಂದ ಆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತ ಕೂತೆ.